ನಾಲ್ಕು ಚೀಲ, ಮೂರು ಕ್ವಿಂಟಲ್

ಬಳ್ಳಾರಿಯಲ್ಲಿ ಹರಟೆಗೆ ಹೊತ್ತು ಗೊತ್ತುಮಾಡುವುದು ಬಿಸಿಲು. ಮಧ್ಯಾಹ್ನ ಹೊರಗೆ ನಿಂತು ಮಾತಾಡುತ್ತೇನೆಂದು ಬಂದವರನ್ನು ಅತ್ತ ಕೋಟೆ ಗುಡ್ಡದ ಬಂಡೆ, ಇತ್ತ ಮನೆಯ ಸಿಮೆಂಟ್ ಗೋಡೆ ಎರಡೂ ಸೇರಿ ಒಳಗಟ್ಟುತ್ತವೆ. ಸಂಜೆ ಅಂಗಳಕ್ಕೆ ನಾಲ್ಕು ತಂಬಿಗೆ ನೀರು ಚೆಲ್ಲಿ, ಕಾಂಪೌಂಡ್ ಗೋಡೆಯ ಕಾವು ಮೊಣಕೈ ಊರುವಷ್ಟಕ್ಕೆ ಇಳಿದ ಮೇಲೆಯೇ ಪಕ್ಕದ ಮನೆಯ ಅಕ್ಕ ಆ ಕಡೆ, ನಾನು ಈ ಕಡೆ. ಅಕ್ಕನ ತವರು ಸಿರುಗುಪ್ಪ, ಕೊಟ್ಟ ಮನೆ ಕುರುಗೋಡು, ಈಗಿರುವುದು ಬಳ್ಳಾರಿಯ ಮಗನ ಮನೆಯಲ್ಲಿ. ಹೀಗಾಗಿ ಮೂರೂ ಊರಿನ ಸುದ್ದಿಗೆ ಅವರೇ ವರದಿಗಾರ್ತಿ, ಅವರೇ ಸಂಪಾದಕಿ. ಮೆಣಸಿನಕಾಯಿ ದರ, ಕಾಲುವೆ ನೀರು, ಯಾರ ಮನೆಯ ಮದುವೆಯಲ್ಲಿ ಊಟಕ್ಕೆ ಅನ್ನ ಸಾಲಲಿಲ್ಲ, ಇಂಥವೆಲ್ಲ ಗೋಡೆ ದಾಟುತ್ತವೆ.

ಮೊನ್ನೆ ದಾಟಿದ್ದು ಲೆಕ್ಕ. ನನ್ನ ಮಗ ನಾಲ್ಕನೆಯ ಕ್ಲಾಸು. ಜಗಲಿಯ ಮೇಲೆ ಕುಳಿತು ಪೆನ್ಸಿಲಿನ ಹಿಂಬದಿ ಕಚ್ಚುತ್ತಿದ್ದ.

“ಏನ್ ಬರಿಯಾಕತ್ಯಾನ ತಮ್ಮಾ ಅವ? ಆಗ್ಲಿಂದ ಒಂದೇ ಸಾಲಿನ ಮ್ಯಾಲ ಕುಂತಾನ.”

“ಎಪ್ಪತ್ತೈದು ಎಪ್ಪತ್ತೈದು ಹಾರಿ ಹಾರಿ ಎಣಿಸಬೇಕಂತಕ್ಕ. ಸಾವಿರದೈನೂರರ ತನಕ. ಸ್ಕಿಪ್ ಕೌಂಟಿಂಗ್ ಅಂತಾರೆ.”

“ಅಯ್ಯ ನಮ್ಮಪ್ಪ! ನೆಲ್ಲಿನ ಚೀಲದ ಲೆಕ್ಕ ಅದು. ಅದಕ್ಕ್ಯಾಕ ಪೆನ್ಸಿಲ್ ಕಚ್ತಾನ?” ಎಂದವರೇ ಗೋಡೆಯ ಮೇಲೆ ತಾಳ ಹಾಕುತ್ತ ಶುರುಮಾಡಿದರು: “ಒಂದು ಮುಕ್ಕಾಲು ಮುಕ್ಕಾಲು. ಎರಡು ಮುಕ್ಕಾಲು ಒಂದೂವರಿ. ಮೂರು ಮುಕ್ಕಾಲು ಎರಡೂಕಾಲು. ನಾಕು ಮುಕ್ಕಾಲು ಮೂರು. ಐದು ಮುಕ್ಕಾಲು ಮೂರೂ ಮುಕ್ಕಾಲು…” ಇಪ್ಪತ್ತು ಮುಕ್ಕಾಲು ಹದಿನೈದರ ತನಕ ಉಸಿರು ನಿಲ್ಲಿಸದೆ ಹೋದರು. ಹುಡುಗ ಪೆನ್ಸಿಲು ಬಾಯಿಂದ ತೆಗೆದ.

ಬಯಲಾಚೆಯ ಓದುಗರಿಗೆ ಇಲ್ಲೊಂದು ಮಾತು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಎಂದು ತುಂಗಭದ್ರೆಯ ಕಾಲುವೆ ಹಾಯುವ ಕಡೆಯೆಲ್ಲ ಭತ್ತದ ದರ ಹೇಳುವುದು 75 ಕಿಲೋ ಚೀಲಕ್ಕೆ. ಎಕರೆಗೆ ಎಷ್ಟು ಬಂತು ಎಂದರೆ “ನಲವತ್ತು ಚೀಲ” ಎನ್ನುತ್ತಾರೆ; ಕ್ವಿಂಟಲ್ ಎನ್ನುವುದಿಲ್ಲ, ಟನ್ ಅಂತೂ ಲಾರಿಯವನ ಮಾತು. ಗುತ್ತಿಗೆ ಹಿಡಿದ ಹೊಲಕ್ಕೂ ಎಕರೆಗೆ ಇಂತಿಷ್ಟು ಚೀಲ ಎಂದೇ ಕರಾರು. ನೂರು ಕಿಲೋ ಒಂದು ಕ್ವಿಂಟಲ್, ಎಪ್ಪತ್ತೈದು ಕಿಲೋ ಮುಕ್ಕಾಲು ಕ್ವಿಂಟಲ್. ಹಾಗಾಗಿ ಹುಡುಗನಿಗೆ ಕೊಟ್ಟ ಮನೆಗೆಲಸವನ್ನು ಸಿರುಗುಪ್ಪದ ಕಣ ತಲೆಮಾರುಗಳಿಂದ ಬಾಯಲ್ಲೇ ಮಾಡುತ್ತ ಬಂದಿದೆ. ಅಕ್ಕನ ಒಂದೂವರಿಯನ್ನು ನೂರರಿಂದ ಹಿಗ್ಗಿಸಿದರೆ 150, ಎರಡೂಕಾಲು ಹಿಗ್ಗಿಸಿದರೆ 225, ಮೂರು 300. ಹುಡುಗ ಬರೆದಿದ್ದೂ ಅದೇ, ಅಕ್ಕ ಹಾಡಿದ್ದೂ ಅದೇ.

ಹಳೆಯ ಐಗಳ ಮಠದ ಕಲಿಕೆಯಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಇವಕ್ಕೆಲ್ಲ ಬೇರೆ ಬೇರೆ ಮಗ್ಗಿ ಇದ್ದವು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಅವಿಲ್ಲದೆ ಸಂತೆಗೆ ಹೋಗುವಂತಿರಲಿಲ್ಲ. ಹನ್ನೆರಡಾಣೆ ಎಂದರೆ ಮುಕ್ಕಾಲು ರೂಪಾಯಿ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಆಣೆ ಹೋಯಿತು, ಅದರ ಬೆನ್ನಿಗೆ ಭಿನ್ನರಾಶಿಯ ಮಗ್ಗಿಗಳೂ ಶಾಲೆಯಿಂದ ಮೆಲ್ಲಗೆ ಎದ್ದುಹೋದವು. ಎಪ್ಪತ್ತೈದರ ಚೀಲ ಮಾತ್ರ ಎಲ್ಲಿಗೂ ಹೋಗಲಿಲ್ಲ. ಚೀಲ ಉಳಿದದ್ದರಿಂದ ಅಕ್ಕನಂಥವರ ಬಾಯಲ್ಲಿ ಮಗ್ಗಿಯೂ ಉಳಿಯಿತು.

“ನೋಡು ಮರಿ,” ಎಂದು ಅಕ್ಕ ಹುಡುಗನಿಗೆ ಗುಟ್ಟು ಹೇಳಿಕೊಟ್ಟರು. “ಎಷ್ಟ್ ಚೀಲ ಅದಾವ ಅಷ್ಟರಾಗ ಕಾಲು ಭಾಗ ಕಳಿ. ಉಳಿದಿದ್ದು ಕ್ವಿಂಟಲ್. ನಾನೂರು ಚೀಲದಾಗ ನೂರು ಕಳಿ, ಮುನ್ನೂರು ಕ್ವಿಂಟಲ್. ಮುಗೀತು.”

“ಮೂವತ್ತೇಳು ಚೀಲ ಇದ್ರೆ?” ಹುಡುಗ ಬೇಕಂತಲೇ ಕೊಂಕು ಸಂಖ್ಯೆ ಎಸೆದ.

“ಮೂವತ್ತೇಳರ ಕಾಲು ಒಂಬತ್ತೂಕಾಲು. ಕಳಿ. ಇಪ್ಪತ್ತೇಳೂ ಮುಕ್ಕಾಲು.”

ಹುಡುಗ ಮೊಬೈಲು ತಂದು ನೋಡಿದ. 27.75. ಆಮೇಲೆ ಅವನ ಬರಹಕ್ಕೆ ವೇಗ ಬಂತು, ಏಕೆಂದರೆ ಅಷ್ಟರಲ್ಲಿ ಬಾಲದ ಆಟ ಅವನಿಗೆ ಕಂಡಿತ್ತು. 75, 50, 25, 00. ಮತ್ತೆ 75, 50, 25, 00. ಕೊನೆಯ ಎರಡು ಅಂಕಿ ನಾಲ್ಕೇ ಹೆಜ್ಜೆಗೆ ತಿರುಗಿ ಮೊದಲಿಗೆ ಬರುತ್ತವೆ. ಕಾರಣ ಸರಳ: ನೂರನ್ನೂ ಎಪ್ಪತ್ತೈದನ್ನೂ ಉಳಿಕೆ ಇಲ್ಲದೆ ಅಳೆಯುವ ದೊಡ್ಡ ಸಂಖ್ಯೆ ಇಪ್ಪತ್ತೈದು, ನೂರರಲ್ಲಿ ಇಪ್ಪತ್ತೈದು ನಾಲ್ಕು ಸಲ. ಬಾಲದಲ್ಲಿ 75 ಇರುವ ಹೆಜ್ಜೆ ಎಷ್ಟೇ ದೊಡ್ಡದಿರಲಿ, 75 ಇರಲಿ 175 ಇರಲಿ 1,075 ಇರಲಿ, ಬಾಲ ನಾಲ್ಕಕ್ಕೇ ತಿರುಗುತ್ತದೆ. ದೊಡ್ಡ ಸಂಖ್ಯೆ ಕಂಡು ಹೆದರುವ ಮಕ್ಕಳಿಗೆ ಮೊದಲು ತೋರಿಸಬೇಕಾದ್ದು ಇದು. ತಲೆ ಬೆಳೆಯುತ್ತ ಹೋಗುತ್ತದೆ, ಬಾಲ ಅಲ್ಲೇ ಸುತ್ತುತ್ತದೆ.

ಅಕ್ಕಿಯ ಚೀಲಕ್ಕೆ ಬಂದರೆ ಆಟವೇ ಬೇರೆ. ಭತ್ತವಾಗಿ ಮುಕ್ಕಾಲಿನಲ್ಲಿ ಹೋದದ್ದು ಮಿಲ್ಲಿನಿಂದ ಅಕ್ಕಿಯಾಗಿ ಹೊರಬರುವಾಗ 26 ಕಿಲೋ ಚೀಲ ತೊಟ್ಟು ಬರುತ್ತದೆ.

“ಮೊದಲು ಇಪ್ಪತ್ತೈದು ಇತ್ತಲ್ಲಕ್ಕ?”

“ಇತ್ತು. ಈಗ ಒಂದ್ ಕಿಲೋ ಜಾಸ್ತಿ. ಬಿಟ್ಟಿ ಕೊಟ್ಟಾರಂತ ತಿಳಕಂಡಿದ್ಯೇನು?”

ಬಿಟ್ಟಿ ಅಲ್ಲ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಬಿತ್ತು. ಇಪ್ಪತ್ತೈದಕ್ಕೆ ಮೇಲ್ಪಟ್ಟ ಚೀಲಕ್ಕೆ ತೆರಿಗೆ ಇಲ್ಲ. ವ್ಯಾಪಾರಸ್ಥರು ಒಂದು ಕಿಲೋ ಸೇರಿಸಿ ಗೆರೆ ದಾಟಿದರು. ಕಾನೂನು ಮಾಡಿದವರಿಗೂ ಅದನ್ನು ದಾಟಿದವರಿಗೂ ಎಷ್ಟು ಲಾಭವಾಯಿತೋ, ಪೆಟ್ಟು ಬಿದ್ದದ್ದಂತೂ ಅಂಗಡಿಯಲ್ಲಿ ಚೀಲ ಎಣಿಸುವ ಹುಡುಗರಿಗೆ. ಇಪ್ಪತ್ತೈದರಂಥ ಸಲೀಸು ಹೆಜ್ಜೆ ಹೋಗಿ ಇಪ್ಪತ್ತಾರರ ಕುಂಟು ಹೆಜ್ಜೆ ಬಂತು: 26, 52, 78, 104, 130. ಇದರ ಬಾಲ ನಾಲ್ಕಕ್ಕೆ ತಿರುಗುವುದಿಲ್ಲ. ನೂರಕ್ಕೂ ಇಪ್ಪತ್ತಾರಕ್ಕೂ ನಂಟು ಬರೀ ಎರಡರದು, ಹಾಗಾಗಿ ಕೊನೆಯ ಎರಡು ಅಂಕಿ ಮೊದಲಿನ ಜಾಗಕ್ಕೆ ಬರಲು ಐವತ್ತು ಹೆಜ್ಜೆ ಬೇಕು.

ಆದರೂ ಕುಂಟನಿಗೊಂದು ಲಯ ಇದೆ. ನಾಲ್ಕು ನಾಲ್ಕು ಚೀಲ ಕಟ್ಟಿ ಎಣಿಸಿ ನೋಡಿ: 104, 208, 312, 416, 520, 624. ಮುಂದೆ ಒಂದು, ಎರಡು, ಮೂರು. ಹಿಂದೆ ನಾಲ್ಕರ ಮಗ್ಗಿ. ನಮ್ಮ ಹುಡುಗನೇ ಕಂಡುಹಿಡಿದದ್ದು ಇದು, ಅಕ್ಕ ಗೋಡೆಯ ಮೇಲಿಂದಲೇ ಅವನ ಕೈಗೆ ಎರಡು ಕಡಬು ದಾಟಿಸಿದರು.

ಹಮಾಲರ ಎಣಿಕೆಯನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕಣದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ನಮ್ಮ ಕಡೆ ಒಂದು ಎನ್ನುವುದಿಲ್ಲ, “ಲಾಭ” ಎನ್ನುತ್ತಾರೆ. ಲಾಭ, ಎರಡು, ಮೂರು. ತೆಲುಗು ಮಾತಾಡುವವರೂ ಲಾಭಂ ಎಂದೇ ಶುರುಮಾಡುತ್ತಾರೆ; ಈ ಸೀಮೆಯಲ್ಲಿ ಒಂದೇ ಲಾರಿಗೆ ಎರಡು ಭಾಷೆಯ ಎಣಿಕೆ ಏರುತ್ತದೆ, ಜಗಳ ಮಾತ್ರ ತೂಕದ್ದೇ. ಆದರೆ ಚೀಲ ನಿಟ್ಟು ಹಚ್ಚಿದ ಮೇಲೆ ಒಂದೊಂದಾಗಿ ಎಣಿಸುವ ದಡ್ಡರು ಯಾರೂ ಇಲ್ಲ. ಉದ್ದಕ್ಕೆ ಎಂಟು, ಅಡ್ಡಕ್ಕೆ ಐದು, ಎತ್ತರಕ್ಕೆ ಹತ್ತು. ನಲವತ್ತು ನಲವತ್ತಾಗಿ ಹತ್ತು ಹಾರು ಹಾರಿದರೆ ನಾನೂರು ಚೀಲ, ಕಾಲು ಕಳೆದರೆ ಮುನ್ನೂರು ಕ್ವಿಂಟಲ್. ದೂರದಿಂದ ನೋಡಿದವನು ಹೇಳುವ ಲೆಕ್ಕ ಅದು, ಹತ್ತಿರ ಹೋಗಿ ಮುಟ್ಟಬೇಕೆಂದಿಲ್ಲ.

ನನಗೆ ರುಚಿ ಹತ್ತಿದ್ದು ಹುಡುಗ ಎಸೆದ ಆ ಕೊಂಕು ಸಂಖ್ಯೆಯಲ್ಲಿ. ಮೂವತ್ತೇಳು. ಇದಕ್ಕೂ ನೂರಕ್ಕೂ ಒಂದನ್ನು ಬಿಟ್ಟು ಬೇರೆ ನಂಟೇ ಇಲ್ಲ. ಅದರಿಂದ ಏನಾಗುತ್ತದೆಂದರೆ, ಮೂವತ್ತೇಳು ಮೂವತ್ತೇಳಾಗಿ ಹಾರುತ್ತ ಹೋದರೆ ಕೊನೆಯ ಎರಡು ಅಂಕಿಯಾಗಿ 00ರಿಂದ 99ರ ತನಕ ಪ್ರತಿಯೊಂದೂ ಒಂದೊಂದು ಸಲ ಬಂದುಹೋಗುತ್ತದೆ, ನೂರನೆಯ ಹೆಜ್ಜೆಯಲ್ಲಿ ಮಾತ್ರ 00 ಸಿಗುತ್ತದೆ. ಮದುವೆ ಕರೆಯೋಲೆ ಹಂಚಲು ಹೊರಟವನು ಓಣಿಯ ಒಂದು ಮನೆಯನ್ನೂ ಬಿಡದೆ, ಒಂದು ಮನೆಗೂ ಎರಡು ಸಲ ಹೋಗದೆ ತಿರುಗಿ ಬಂದ ಹಾಗೆ.

ಅಷ್ಟೇ ಆಗಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದೆ. 37, 74, 111 ನೋಡಿ. ಮೂರನೆಯ ಹೆಜ್ಜೆಗೆ ಮೂರು ಒಂದು. ಆರನೆಯದಕ್ಕೆ 222, ಒಂಬತ್ತನೆಯದಕ್ಕೆ 333. ನಡುವೆ ಬರುವ 148ರ ತಲೆಯ ಅಂಕಿ ಕಿತ್ತು ಬಾಲಕ್ಕೆ ಹಚ್ಚಿ: 481. ಇದು ಹದಿಮೂರನೆಯ ಹೆಜ್ಜೆ. ಮತ್ತೊಮ್ಮೆ ಹಾಗೇ ಮಾಡಿ: 814. ಇಪ್ಪತ್ತೆರಡನೆಯ ಹೆಜ್ಜೆ. 259, 592, 925 ಕೂಡ ಹಾಗೇ. ಮೂರಂಕಿಯ ಯಾವ ಹೆಜ್ಜೆಯನ್ನು ಹೀಗೆ ತಿರುಗಿಸಿದರೂ ಸಿಗುವುದು ಮೂವತ್ತೇಳರದೇ ಇನ್ನೊಂದು ಹೆಜ್ಜೆ. 999 ಎಂಬುದು 37ರ ಇಪ್ಪತ್ತೇಳು ಪಟ್ಟು. ಈ ಮಾಯೆಯೆಲ್ಲ ಅಲ್ಲಿಂದ ಹುಟ್ಟಿದ್ದು.

“ಆಡಾಕ ಚಂದೈತಿ. ಮಾರಾಕ ಏನ್ ಬಂತು?” ಎಂದರು ಅಕ್ಕ.

ಮಾರಲಿಕ್ಕೂ ಬರುತ್ತದೆ. ಭತ್ತದ ಚೀಲಕ್ಕೆ 1,850 ರೂಪಾಯಿ ದರ ನಿಂತಿತು ಎಂದಿಟ್ಟುಕೊಳ್ಳಿ. ಈ ಸಂಖ್ಯೆಯ ಹೊಟ್ಟೆಯೊಳಗೆ ಮೂವತ್ತೇಳು ಕೂತಿದೆ, ಅದರ ಐವತ್ತು ಪಟ್ಟು 1,850. ಎಣಿಸಿ: 1,850, 3,700, 5,550, 7,400, 9,250, 11,100. ಮೂರು ಚೀಲಕ್ಕೆ ಐದು ಸಾವಿರದೈನೂರೈವತ್ತು, ಆರು ಚೀಲಕ್ಕೆ ಹನ್ನೊಂದು ಸಾವಿರದ ನೂರು. ಹನ್ನೆರಡಕ್ಕೆ 22,200, ಹದಿನೆಂಟಕ್ಕೆ 33,300, ಅರವತ್ತಕ್ಕೆ ನೆಟ್ಟಗೆ 1,11,000. ಆರಾರು ಚೀಲ ಕಟ್ಟಿಕೊಂಡರೆ ಇಡೀ ಲೋಡಿನ ಹಣ ಹನ್ನೊಂದರ ಮಗ್ಗಿಗೆ ಒಂದು ಚೂರು ಸೇರಿಸಿದಷ್ಟು ಸುಲಭ. ದಲ್ಲಾಳಿಯ ಕ್ಯಾಲ್ಕುಲೇಟರ್ ಹೊರಬರುವ ಮೊದಲೇ ರೈತ ಮೊತ್ತ ಹೇಳಬಹುದು.

ಅಂಕಿಗಳು ಹೀಗೆ ಸಾಲುಗಟ್ಟಿ ನಿಲ್ಲುವುದನ್ನು ಕಂಡು ಖುಷಿಪಟ್ಟವರಲ್ಲಿ ಕನ್ನಡ ನೆಲದ ಒಬ್ಬ ದೊಡ್ಡ ಮನುಷ್ಯ ಇದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ. ಅವನ ಗಣಿತಸಾರಸಂಗ್ರಹದ ಗುಣಾಕಾರದ ಭಾಗದಲ್ಲಿ ಉತ್ತರಗಳು ಕಂಠಿಯ ಮಣಿಗಳಂತೆ ಬರುವ ಲೆಕ್ಕಗಳಿವೆ: 139ನ್ನು 109ರಿಂದ ಗುಣಿಸಿದರೆ 15151, 12345679ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದು, 152207ನ್ನು 73ರಿಂದ ಗುಣಿಸಿದರೆ ಎಂಟು ಒಂದು. ಕೊನೆಯದರಲ್ಲಿ ನಮ್ಮ ಮೂವತ್ತೇಳು ಮಗ್ಗುಲು ಬದಲಿಸಿ ಎಪ್ಪತ್ಮೂರಾಗಿ ಮಲಗಿದೆ. ಈ ಸಂಸ್ಕೃತ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನೇ ಬರೆದ. 1912ರಲ್ಲಿ ಮಹಾವೀರನ ಪುಸ್ತಕ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾದದ್ದು ಮದರಾಸಿನಲ್ಲಿ. ಆಗ ಬಳ್ಳಾರಿಯೂ ಮದರಾಸಿನದೇ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಅದೇ ವರ್ಷ ತುಂಗಭದ್ರೆಯ ನೀರೂ ಕಾಲುವೆಗೆ ಬಂತು.

ನಾಡಿಗೆ ಸಂಖ್ಯೆ ಹಚ್ಚಿ ಕರೆಯುವ ಚಟ ಈ ಸೀಮೆಗೆ ಹಳೆಯದು. ಅಕ್ಕನ ಕೊಟ್ಟ ಮನೆ ಕುರುಗೋಡನ್ನೇ ತೆಗೆದುಕೊಳ್ಳಿ. ಏಕಶಿಲೆಯ ದೊಡ್ಡ ಬಸವಣ್ಣನಿಂದ ಊರು ಎಲ್ಲರಿಗೂ ಗೊತ್ತು. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರಿಗೆ ಅದು ರಾಜಧಾನಿ, ಅವರು ಆಳಿದ ನಾಡಿನ ಹೆಸರು ಬಳ್ಳಕುಂದೆ ಮುನ್ನೂರು. ಆಚೀಚೆ ನೊಳಂಬವಾಡಿ 32,000, ಬನವಾಸಿ 12,000, ಗಂಗವಾಡಿ 96,000. ಈ ಸಂಖ್ಯೆ ಊರುಗಳದೋ ಆದಾಯದ್ದೋ ಇನ್ನೇನೋ ಎಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಆದರೆ ಬನವಾಸಿಯ ಹನ್ನೆರಡು ಸಾವಿರದ ಹೆಜ್ಜೆಯಲ್ಲಿ ಒಬ್ಬ, ನೊಳಂಬವಾಡಿಯ ಮೂವತ್ತೆರಡು ಸಾವಿರದ ಹೆಜ್ಜೆಯಲ್ಲಿ ಇನ್ನೊಬ್ಬ ಹಾರುತ್ತ ಹೊರಟರೆ ಇಬ್ಬರೂ ಮೊಟ್ಟಮೊದಲು ಸೇರುವುದು ಎಲ್ಲಿ? ತೊಂಬತ್ತಾರು ಸಾವಿರದಲ್ಲಿ, ಗಂಗವಾಡಿಯಲ್ಲೇ. ಕಾಕತಾಳೀಯ, ಇತಿಹಾಸದ ಮೇಷ್ಟರುಗಳು ಸಿಟ್ಟಾಗಬಾರದು. ಚೋಳರ ಶಾಸನಗಳು ಚಾಲುಕ್ಯರ ನಾಡನ್ನು ರಟ್ಟಪಾಡಿ ಏಳೂವರೆ ಲಕ್ಷ ಎಂದು ಕರೆದವು. ಅಕ್ಕನ ಪ್ರಕಾರ ಅದು ಹತ್ತು ಮುಕ್ಕಾಲು. ಬಳ್ಳಕುಂದೆ ಮುನ್ನೂರೋ, ನಾಲ್ಕೇ ಚೀಲ.

ಮಳೆಗಾಲದಲ್ಲಿ ನಮ್ಮ ಗೋಡೆಯ ಲೆಕ್ಕ ಚೀಲದಿಂದ ಕ್ಯೂಸೆಕ್ಕಿಗೆ ಜಿಗಿಯುತ್ತದೆ. ಪತ್ರಿಕೆಯಲ್ಲಿ ತುಂಗಭದ್ರಾ ಜಲಾಶಯದ ಒಳಹರಿವು ಕ್ಯೂಸೆಕ್‌ನಲ್ಲಿ, ಸಂಗ್ರಹ ಟಿಎಂಸಿಯಲ್ಲಿ ಇರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಆ ಲೆಕ್ಕದಲ್ಲಿ 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಚಹಾ ಅಂಗಡಿಯ ಬೆಂಚಿನ ಮೇಲೆ ಅಷ್ಟು ಚಿಲ್ಲರೆ ಯಾರಿಗೂ ಬೇಡ, ಹನ್ನೊಂದೂವರೆ ಸಾವಿರದ ಹೆಜ್ಜೆ ಸಾಕು: 11,500, 23,000, 34,500, 46,000. ನಲವತ್ತಾರು ಸಾವಿರ ಬರುತ್ತಿದೆ ಎಂದರೆ ನಾಳೆಗೆ ನಾಲ್ಕು ಟಿಎಂಸಿ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಚೈನು ಕಡಿದು ಕೊಚ್ಚಿಹೋದಾಗ ಇದೇ ಎಣಿಕೆ ಹಿಮ್ಮುಖವಾಯಿತು. ಲಕ್ಷ ಕ್ಯೂಸೆಕ್ ಹೊರಗೆ ಹೋದರೆ ದಿನಕ್ಕೆ ಎಂಟೂವರೆಗಿಂತ ಮೇಲೆ ಟಿಎಂಸಿ ಖಾಲಿ. ಅಕ್ಕನ ಸಿರುಗುಪ್ಪದ ತಮ್ಮ ಫೋನಿನಲ್ಲಿ ದಿನಾ ಕೇಳುತ್ತಿದ್ದುದು ಒಂದೇ: ನಮ್ಮ ಬೆಳೆಗೆ ಎಷ್ಟು ಹೆಜ್ಜೆ ಉಳಿದೈತಿ?

ಶಾಲೆಯವರನ್ನು ನಾನು ದೂರುವುದಿಲ್ಲ. ಹಾರಿ ಎಣಿಸುವುದನ್ನು ಕಲಿಸುತ್ತಾರಲ್ಲ, ಅದೇ ದೊಡ್ಡದು. ನನ್ನ ತಕರಾರು ಹೆಜ್ಜೆಯ ಆಯ್ಕೆಯ ಬಗ್ಗೆ. ಎರಡು, ಐದು, ಹತ್ತು, ನೂರು ಎಂದು ನಯವಾದ ಮೆಟ್ಟಿಲುಗಳನ್ನೇ ಹತ್ತಿಸಿ, ಒಮ್ಮೆಗೇ ಎಪ್ಪತ್ತೈದು ಕೊಟ್ಟರೆ ಹುಡುಗ ಕೂಡಿಸುವ ಕೂಲಿ ಮಾಡುತ್ತಾನೆಯೇ ಹೊರತು ಸಂಖ್ಯೆಯ ಮುಖ ನೋಡುವುದಿಲ್ಲ. ಮುಕ್ಕಾಲು ಮಗ್ಗಿ ಬಂದವನಿಗೆ 75 ಎಂದರೆ ನೂರಕ್ಕೆ ಕಾಲು ಕಡಿಮೆ ಎಂಬುದು ಮೊದಲೇ ಗೊತ್ತಿರುತ್ತದೆ. ಇಪ್ಪತ್ತರ ತನಕದ ಮಗ್ಗಿ ಬಾಯಿಪಾಠ ಮಾಡಿಸುವ ಶ್ರಮದಲ್ಲಿ ಹದಿನೇಳು, ಹತ್ತೊಂಬತ್ತನ್ನು ಬಿಟ್ಟು ಕಾಲು, ಅರೆ, ಮುಕ್ಕಾಲನ್ನು ಕಲಿಸಿದರೂ ನಷ್ಟವಿಲ್ಲ ಎಂಬುದು ನನ್ನ ಪಕ್ಷ. ಹತ್ತೊಂಬತ್ತರಲ್ಲಿ ಚೀಲ ತುಂಬಿದವರನ್ನು ನಾನು ಕಂಡಿಲ್ಲ.

ಉಪಯೋಗ ಎಲ್ಲಿ ಎನ್ನುವವರಿಗೆ ಒಂದೇ ಉದಾಹರಣೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ, ಪೇಟೆಯ ದರ ಚೀಲಕ್ಕೆ. 2025-26ಕ್ಕೆ ಸಾಧಾರಣ ಭತ್ತಕ್ಕೆ ಕೇಂದ್ರ ಗೊತ್ತುಮಾಡಿದ್ದು 2,369 ರೂಪಾಯಿ. ಪೇಟೆಯಲ್ಲಿ ಒಬ್ಬ ಚೀಲಕ್ಕೆ 1,700 ಕೊಡುತ್ತೇನೆಂದರೆ ಅದು ಬೆಂಬಲ ಬೆಲೆಗಿಂತ ಮೇಲೋ ಕೆಳಗೋ? ಅಕ್ಕನ ದಾರಿ ಹೀಗಿತ್ತು: “ಎರಡು ಸಾವಿರದ ನಾನೂರರ ಮುಕ್ಕಾಲು ಸಾವಿರದೆಂಟುನೂರು. ಅದಕ್ಕ ಮೂವತ್ತೊಂದು ಕಮ್ಮಿ ಐತಲ್ಲ? ಮೂವತ್ತೊಂದರ ಮುಕ್ಕಾಲು ಇಪ್ಪತ್ಮೂರೂಕಾಲು. ಕಳಿ. ಸಾವಿರದ ಏಳುನೂರಾ ಎಪ್ಪತ್ತಾರೂ ಮುಕ್ಕಾಲು. ಅಂದ್ಮ್ಯಾಲ ಅವ ಎಪ್ಪತ್ತಾರು ರೂಪಾಯಿ ನುಂಗಾಕ ನೋಡ್ಯಾನ.”

ತೇವಾಂಶ, ಖಾಲಿ ಚೀಲದ ತೂಕ, ಹಮಾಲಿ ಇವೆಲ್ಲದರ ಕಡಿತ ಆಮೇಲಿನ ಮಾತು, ಅವು ಗೋಡೆಗಿಂತ ಉದ್ದದ ಕಥೆ.

ನಿಮ್ಮ ಮನೆಯಲ್ಲೂ ಅಜ್ಜಿ, ತಾತ, ಅತ್ತೆ ಯಾರಿಗಾದರೂ ಮುಕ್ಕಾಲು ಮಗ್ಗಿ, ಒಂದೂಕಾಲು ಮಗ್ಗಿ ಬರುತ್ತಿದ್ದರೆ ಈ ವಾರವೇ ಅವರ ಬಾಯಲ್ಲಿ ಹೇಳಿಸಿ ಮೊಬೈಲಿನಲ್ಲಿ ಹಿಡಿದಿಡಿ, ಮಕ್ಕಳಿಗೂ ಹೇಳಿಸಿಕೊಡಿ. ಅಕ್ಕ ಓದುಗರಿಗೆಂದು ಒಂದು ಲೆಕ್ಕ ಕೊಟ್ಟಿದ್ದಾರೆ: ಅರವತ್ಮೂರು ಚೀಲ ನೆಲ್ಲು ಎಷ್ಟು ಕ್ವಿಂಟಲ್? ಪೆನ್ಸಿಲ್ ಮುಟ್ಟುವಂತಿಲ್ಲ. ಉತ್ತರ ನಲವತ್ತೇಳೂಕಾಲು.